ದಶಮಾಂಶ ಸ್ಥಾನ: ಸೊನ್ನೆ

ಗಂಗಾವತಿ ದಾಟಿ ಕ್ಯಾಂಪಿಗೆ ಹೋಗುವ ದಾರಿಯಲ್ಲಿ
ಎಡಕ್ಕೊಂದು ಅಕ್ಕಿ ಮಿಲ್ಲು, ಅದರ ಮಹಡಿಯಲ್ಲೊಂದು ಗಾಜಿನ ಕೋಣೆ.
ಕೆಳಗೆ ಭತ್ತ ಸಿಪ್ಪೆ ಕಳಚುವ ಸದ್ದು
ಮೇಜಿನ ಮೇಲಿನ ಚಹಾದಲ್ಲಿ ಉಂಗುರ ಉಂಗುರವಾಗಿ ನಡುಗುತ್ತದೆ.
ನಾನಿಲ್ಲಿ ಖಾಲಿ ಪರದೆಗೆ
ಚೌಕಗಳನ್ನು ಎಳೆದು ತಂದು ಕೂರಿಸುವವಳು.

ಮೂರು ವಾರದ ಗುತ್ತಿಗೆ.
"ಗೌಸಿಯಾ ಮೇಡಂ, ನನಗ ಎಲ್ಲಾ ಒಂದ ಕಡೆ ಕಾಣ್ಬೇಕು,"
ಅಂದರು ಕೋಟೇಶ್ವರರಾಯರು, "ಫೋನಿನಾಗೂ, ಟಿವ್ಯಾಗೂ."
ಎಲ್ಲಾ ಅಂದರೆ
ಬಂದ ಭತ್ತ, ಹೋದ ಅಕ್ಕಿ, ತೌಡು, ಹೊಟ್ಟು, ನುಚ್ಚು,
ಕರೆಂಟು, ಲಾರಿ, ಬಾಕಿ.
ಬಾಕಿ ಅವರೊಬ್ಬರಿಗೇ; ಗುಮಾಸ್ತನ ಪುಟದಲ್ಲಿ ಅದು ಇರಕೂಡದು.
ಮಗಳಿಗೆ ಬೇರೆ ಪುಟ, ಬ್ಯಾಂಕಿನವರಿಗೆ ತೋರಿಸಲು.
ಅದರಲ್ಲಿ ಗೆರೆಗಳೆಲ್ಲ ಏರುತ್ತಲೇ ಇರಲೆಂದು
ಜೂನ್ ಬಿಟ್ಟು ನವೆಂಬರಿನಿಂದ ಶುರು ಮಾಡಿದೆ.

ತೇವದ ಗೇಜಿಗೆ ಕೆಂಪು ಎಲ್ಲಿಂದ ಹಚ್ಚಲಿ ಎಂದು
ಖಾಸೀಂಸಾಬರನ್ನು ಕೇಳಿದೆ.
ಚೀಲದಿಂದ ನಾಲ್ಕು ಕಾಳು ತೆಗೆದು ಹಲ್ಲಿಗಿಟ್ಟು ಕಟ್ ಎನಿಸಿದರು.
"ಹದಿನಾಲ್ಕು."
ಯಂತ್ರ ಹದಿನಾಲ್ಕು ಪಾಯಿಂಟ್ ಎರಡು ಅಂದಿತು.
"ಆ ಎರಡು ನಿನ್ನ ಯಂತ್ರದ ಬೆವರವಾ."
ಅವರ ಹಲ್ಲಿಗೆ ನನ್ನಲ್ಲಿ ಕಾಲಮ್ಮಿಲ್ಲ.

ನುಚ್ಚಿನ ಚೌಕ ಮಾತ್ರ ಕೆಂಪಗೇ ಉಳಿಯಿತು.
ಜರಡಿಯಿಂದ ಇಳಿದದ್ದು, ಚೀಲಕ್ಕೆ ತುಂಬಿದ್ದು,
ನಡುವೆ ವ್ಯತ್ಯಾಸ: ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು ಕ್ವಿಂಟಲ್.
ನಾಲ್ಕು ಕಿಲೋ.
ಸೂತ್ರ ತಪ್ಪಿರಬೇಕೆಂದು ಮತ್ತೆ ಬರೆದೆ. ಮತ್ತೆ ನಾಲ್ಕು.
ತಿಂಗಳು ಒತ್ತಿದರೆ ವಾರ ತೆರೆಯಿತು, ವಾರ ಒತ್ತಿದರೆ ದಿನ,
ದಿನದೊಳಗೆ ಪಾಳಿ.
ಹಗಲು ಪಾಳಿ, ಸಂಜೆ ಐದೂವರೆಯ ತೂಕ.
ರವಿವಾರ ಇಲ್ಲ. ಮೊಹರಮ್ಮಿನ ಎರಡು ದಿನ ಇಲ್ಲ.
ಉಳಿದಂತೆ ಗೆರೆ ನಿಂತ ನೀರಿನ ಹಾಗೆ ಮಟ್ಟಸ.
ಕಳ್ಳತನಕ್ಕೆ ಇಷ್ಟು ಶಿಸ್ತು ಇರುವುದಿಲ್ಲ.

ಹದಿನೇಳನೆಯ ತಾರೀಖು ಮಾತ್ರ ಮೂರು.
ಹಾಜರಿ ಪಟ್ಟಿಯನ್ನು ತಂದು ಪಕ್ಕಕ್ಕೆ ಜೋಡಿಸಿದೆ:
ಹದಿನೇಳರಂದು ದ್ಯಾವಮ್ಮ ರಜೆ.

ಐದೂವರೆಗೆ ಕೆಳಗಿಳಿದು ನಿಂತೆ.
ಜರಡಿಯ ಬುಡದಲ್ಲಿ ನಾಲ್ವರು
ನೆಲಕ್ಕೆ ಉದುರಿದ್ದನ್ನು ಗುಡಿಸಿ, ಮೊರದಲ್ಲಿ ಕೇರಿ,
ಧೂಳು ಅತ್ತ, ಹರಳು ಇತ್ತ,
ಒಂದೊಂದು ಸೇರು ಸೆರಗಿಗೆ ಕಟ್ಟಿಕೊಂಡರು,
ಬಚ್ಚಿಡದೆ, ಆಡುತ್ತಿದ್ದ ಮಾತು ನಿಲ್ಲಿಸದೆ.
"ಯಾಕವಾ, ಹಿಂಗ ನಿಂತಿ?" ಅಂದಳು ದ್ಯಾವಮ್ಮ,
"ನಿನಗೂ ಒಂದು ಹಿಡಿ ಬೇಕೇನು? ಕೋಳಿ ಸಾಕೀಯೇನು?"
ಆಮೇಲೆ, ನಾನು ಕೇಳದಿದ್ದರೂ,
"ದೊಡ್ಡ ಸಾಹುಕಾರ್ರು ಇದ್ದಾಗಿಂದ ಇದು ನಮ್ದು."
ಆ ಮಾತು ಯಾವ ಕಡತದಲ್ಲೂ ಇಲ್ಲ. ದೊಡ್ಡ ಸಾಹುಕಾರರು
ಆಫೀಸಿನ ಗೋಡೆಯ ಮೇಲೆ, ಗಂಧದ ಹಾರದೊಳಗೆ.

ಮೇಲೆ ಬಂದು ತುಂಬ ಹೊತ್ತು ಕೂತೆ.
ಪ್ರತಿ ಅಂಕಿಗೂ ಟಿಪ್ಪಣಿಯ ಪೆಟ್ಟಿಗೆಯಿದೆ.
'ಗುಡಿಸುವವರ ಪಾಲು' ಎಂದು ಬರೆದೆ. ಅಳಿಸಿದೆ.
ಹೆಸರಿಟ್ಟರೆ ಅದಕ್ಕೊಂದು ಕಾಲಮ್ಮು,
ಕಾಲಮ್ಮಿಗೊಂದು ಮೊತ್ತ,
ಮೊತ್ತಕ್ಕೆ ವರ್ಷದ ಕೊನೆಗೆ ಕೇಳುವವನೊಬ್ಬ.
ವರ್ಷಕ್ಕೆ ಹನ್ನೆರಡು ಕ್ವಿಂಟಲ್. ನಾನೂ ಗುಣಿಸಿ ನೋಡಿದೆನಲ್ಲ.

ಅಂಕಿಯ ಮೇಲೆ ಬೆರಳಿಟ್ಟೆ. ರೂಪ. ದಶಮಾಂಶ ಸ್ಥಾನ: ಎರಡು.
ಒಂದು ಮಾಡಿದೆ. ಸೊನ್ನೆ ಮಾಡಿದೆ.
ಬಣ್ಣದ ನಿಯಮವನ್ನೂ ಬಿಚ್ಚಿ
ದುಂಡಗಾದ ಅಂಕಿಗೇ ಕಟ್ಟಿದೆ.
ಚೌಕ ಹಸಿರಾಯಿತು, ಏನೂ ಆಗಿಯೇ ಇಲ್ಲವೆಂಬಂತೆ.
ಸುಳ್ಳಲ್ಲ. ಈ ಊರು ಮಾತಾಡುವುದೇ ಕ್ವಿಂಟಲಿನಲ್ಲಿ.
ಸುಳ್ಳಲ್ಲ ಎಂದು ಎರಡು ಸಲ ಅಂದುಕೊಂಡೆ,
ಎರಡನೆಯ ಸಲ ಯಾಕೆ ಬೇಕಾಯಿತೋ.

ಮರುದಿನ ರಾಯರು ಟಿವಿಯ ಮುಂದೆ ನಿಂತು
ಒಂದೊಂದೇ ಚೌಕ ಓದಿದರು. ನುಚ್ಚಿನ ಹತ್ತಿರ ಬೆರಳು ನಿಂತಿತು.
ಕೆಳಗಿನ ಸದ್ದೂ ನಿಂತ ಹಾಗಾಯಿತು ನನಗೆ.
"ಈ ಹಸಿರು ಭಾಳ ಕಪ್ಪಾಗೈತಿ," ಅಂದರು,
"ನಾಟಿ ಹಾಕಿ ಎಂಟು ದಿನಕ್ಕ ಗದ್ದೆ ಇರ್ತದಲ್ಲ, ಹಂಗ ಮಾಡ್ರಿ."

ಕಿಟಕಿಯಾಚೆ, ಕಾಲುವೆಯ ಆ ದಂಡೆಯನ್ನು ನೋಡುತ್ತ
ಬಣ್ಣಗಳ ಪಟ್ಟಿಯಲ್ಲಿ ಹುಡುಕಿದೆ.
ಅಂಥದ್ದು ಇರಲಿಲ್ಲ.
ಹತ್ತಿರದ್ದನ್ನು ಒತ್ತಿದೆ.